ಕಲಿತ ಹೆಣ್ಣುಮಕ್ಕಳು ಮತ್ತು ಸಮಾನ ವೇತನದ ಬಾಗಿಲುಗಳು

(ಮೈಸೂರಿನಲ್ಲಿ ಪೋಷಕರು ಹಾಗೂ ಪಿಯುಸಿ ವಿದ್ಯಾರ್ಥಿನಿಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮುಸ್ಲಿಮ್ ಹೆಣ್ಣುಮಕ್ಕಳ ಶಿಕ್ಷಣದ ಅಗತ್ಯದ ಬಗ್ಗೆ ನಮ್ಮಲ್ಲಿ ಭಾಷಣಗಳಿಗೆ ಬರವಿಲ್ಲ. ಆ ಭಾಷಣಗಳು ವ್ಯರ್ಥವಾಗಿಲ್ಲ ಎಂಬುದಕ್ಕೆ ಈ ಸಭಾಂಗಣವೇ ಸಾಕ್ಷಿ. ಎಸೆಸೆಲ್ಸಿ ಮುಗಿದೊಡನೆ ಮನೆಯಲ್ಲಿ ಕುಳಿತುಕೊಳ್ಳಬೇಕಾಗಿದ್ದ ಹುಡುಗಿಯರ ತಂಗಿಯರು ಇಂದು ವಿಜ್ಞಾನ, ವಾಣಿಜ್ಯ, ಕಲಾ ವಿಭಾಗಗಳಲ್ಲಿ ಕಲಿಯುತ್ತಿದ್ದಾರೆ. ಆದ್ದರಿಂದ ಕಲಿಸಬೇಕೇ ಬೇಡವೇ ಎಂಬ ಹಳೆಯ ಚರ್ಚೆಯನ್ನು ಇಲ್ಲಿ ಮತ್ತೆ ಎತ್ತುವ ಅಗತ್ಯ ನನಗೆ ಕಾಣುವುದಿಲ್ಲ. ಕಲಿತ ಮೇಲೆ ಏನು ಎಂಬುದು ನಾವು ಇನ್ನೂ ಕೇಳಿಕೊಳ್ಳದ ಪ್ರಶ್ನೆ. ಕಲಿತ ಹೆಣ್ಣುಮಗಳು ದುಡಿಯಲು ಹೊರಟಾಗ ಆಕೆಯ ದುಡಿಮೆಗೆ ನ್ಯಾಯವಾದ ಬೆಲೆ ಎಲ್ಲಿ ಸಿಗುತ್ತದೆ? ಎಲ್ಲಿ ಸಿಗುವುದಿಲ್ಲ? ಏಕೆ?

ಉತ್ತರವನ್ನು ನಮ್ಮ ಮೊಹಲ್ಲಾಗಳಿಂದಲೇ ಆರಂಭಿಸೋಣ. ಮೈಸೂರಿನ ಮುಸ್ಲಿಮ್ ಮಹಿಳೆಯರು ದುಡಿಯುವುದಿಲ್ಲ ಎಂದು ಯಾರಾದರೂ ಹೇಳಿದರೆ ಅವರು ನಮ್ಮ ಗಲ್ಲಿಗಳಿಗೆ ಬಂದಿಲ್ಲ ಎಂದೇ ಅರ್ಥ. ದಶಕಗಳಿಂದ ಇಲ್ಲಿನ ಮನೆಗಳ ಜಗಲಿಯಲ್ಲಿ, ಒಳಕೋಣೆಯಲ್ಲಿ ಬೀಡಿ ಕಟ್ಟುವ ಕೈಗಳು ಹೆಣ್ಣುಮಕ್ಕಳವು. ಮೈಸೂರಿನಲ್ಲಿ ಬೀಡಿ ಕಾರ್ಮಿಕರಿಗೆಂದೇ ಕೇಂದ್ರ ಸರಕಾರದ ಆಸ್ಪತ್ರೆಯೊಂದು ಸ್ಥಾಪನೆಯಾಗಬೇಕಾದರೆ ಆ ಕೈಗಳ ಸಂಖ್ಯೆ ಎಷ್ಟಿದ್ದಿರಬೇಕೆಂದು ಊಹಿಸಿರಿ. 2005ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಮೈಸೂರು ಅಗರಬತ್ತಿಯ ಪರಿಮಳದ ಹಿಂದೆಯೂ ಮನೆಯಲ್ಲೇ ಕುಳಿತು ಕಡ್ಡಿ ಹೊಸೆದ ಮಹಿಳೆಯರ ಬೆವರಿದೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಬೀಡಿಯ ಕೂಲಿ ಸಾವಿರಕ್ಕೆ ಇಷ್ಟು ಎಂದು ನಿಗದಿಯಾಗುತ್ತದೆ. ಕಟ್ಟಿದವರು ಹೆಣ್ಣೋ ಗಂಡೋ ಎಂದು ದರಪಟ್ಟಿ ಕೇಳುವುದಿಲ್ಲ. ಅಂದರೆ ಕಾಗದದ ಮೇಲೆ ಇದು ಸಂಪೂರ್ಣ ಸಮಾನ ವೇತನದ ಉದ್ಯೋಗ! ಆದರೆ ಸಾವಿರ ಬೀಡಿ ಕಟ್ಟಲು ಕೂರುವವಳು ಹೆಣ್ಣು. ಎಲೆ, ತಂಬಾಕು ವಿತರಿಸುವ ಗುತ್ತಿಗೆದಾರ, ಕಟ್ಟಿದ ಬೀಡಿಯನ್ನು ಪರೀಕ್ಷಿಸಿ ತಿರಸ್ಕರಿಸುವ ತಪಾಸಕ, ಸಾಗಿಸುವ ಚಾಲಕ, ಲೆಕ್ಕ ಬರೆಯುವ ಗುಮಾಸ್ತ ಇವರೆಲ್ಲ ಬಹುತೇಕ ಗಂಡಸರು. ಎಲೆ ಕೆಟ್ಟದ್ದಾದರೆ ನಷ್ಟ ಆಕೆಗೆ, ಬೀಡಿ ತಿರಸ್ಕೃತವಾದರೆ ಕಡಿತ ಆಕೆಗೆ, ಬೆನ್ನುನೋವು, ಕೆಮ್ಮು ಕೂಡಾ ಆಕೆಗೇ.

ಇದರಿಂದ ಎರಡು ಪಾಠಗಳನ್ನು ಕಲಿಯಬಹುದು. ಒಂದು, ವೇತನದ ಅಂತರವಿಲ್ಲದಿರುವುದೇ ನ್ಯಾಯವಲ್ಲ. ಎಲ್ಲರಿಗೂ ಸಮಾನವಾಗಿ ಕಡಿಮೆ ಕೊಡುವುದು ಕೂಡಾ ಸಮಾನತೆಯೇ. ಆದ್ದರಿಂದ ಒಳ್ಳೆಯ ವೇತನ ಮತ್ತು ಕಡಿಮೆ ಅಂತರ ಎರಡೂ ಇರುವ ಉದ್ಯೋಗವನ್ನು ಹುಡುಕಬೇಕು. ಎರಡು, ಅಂತರವು ಒಂದೇ ಕೆಲಸದ ದರದಲ್ಲಿರುವುದಕ್ಕಿಂತ ಹೆಚ್ಚಾಗಿ ಯಾರಿಗೆ ಯಾವ ಕೆಲಸ ಎಂಬ ಹಂಚಿಕೆಯಲ್ಲಿದೆ.

ಕ್ರಿಕೆಟ್‌ನ ಉದಾಹರಣೆ ಎಳೆಯರಿಗೆ ಬೇಗ ಅರ್ಥವಾದೀತು. 2022ರ ಅಕ್ಟೋಬರ್‌ನಲ್ಲಿ ಭಾರತೀಯ ಕ್ರಿಕೆಟ್ ಮಂಡಳಿಯು ಪುರುಷ ಮತ್ತು ಮಹಿಳಾ ಆಟಗಾರರಿಗೆ ಸಮಾನ ಪಂದ್ಯ ಶುಲ್ಕವನ್ನು ಘೋಷಿಸಿತು. ಟೆಸ್ಟ್‌ಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ-20ಗೆ 3 ಲಕ್ಷ ರೂಪಾಯಿ. 2023ರ ಡಿಸೆಂಬರ್‌ನಲ್ಲಿ ನಮ್ಮ ಮೈಸೂರಿನ ಶುಭಾ ಸತೀಶ್ ಇಂಗ್ಲೆಂಡ್ ವಿರುದ್ಧ ತನ್ನ ಮೊದಲ ಟೆಸ್ಟ್‌ನಲ್ಲೇ 69 ಓಟಗಳನ್ನು ಗಳಿಸಿದಾಗ ಈ ನಿಯಮ ಜಾರಿಯಲ್ಲಿತ್ತು. ಆದರೆ ಮಹಿಳೆಯರಿಗೆ ಸಿಗುವ ಟೆಸ್ಟ್ ಪಂದ್ಯಗಳು ಬೆರಳೆಣಿಕೆಯವು. ವಾರ್ಷಿಕ ಗುತ್ತಿಗೆಯಲ್ಲಂತೂ 2024-25ರ ಸಾಲಿನಲ್ಲಿ ಪುರುಷರ ಅಗ್ರ ಶ್ರೇಣಿಗೆ 7 ಕೋಟಿ, ಮಹಿಳೆಯರ ಅಗ್ರ ಶ್ರೇಣಿಗೆ 50 ಲಕ್ಷ. ದರ ಸಮಾನವಾಯಿತು, ಅವಕಾಶ ಸಮಾನವಾಗಲಿಲ್ಲ.

ಹಾಗಾದರೆ ಕಾನೂನು ಏನು ಮಾಡುತ್ತಿದೆ? ಸಮಾನ ಕೆಲಸಕ್ಕೆ ಸ್ತ್ರೀ-ಪುರುಷರಿಗೆ ಸಮಾನ ವೇತನ ಎಂಬುದು ಸಂವಿಧಾನದ 39ನೇ ವಿಧಿಯ ನಿರ್ದೇಶಕ ತತ್ವ. 1976ರಲ್ಲಿ ಸಮಾನ ವೇತನ ಕಾಯಿದೆ ಬಂತು. ಮೆಕಿನನ್ ಮೆಕೆಂಜಿ ಎಂಬ ಹಡಗು ಕಂಪೆನಿಯಲ್ಲಿ ಆಡ್ರಿ ಡಿಕೋಸ್ತಾ ಎಂಬ ಸ್ಟೆನೋಗ್ರಾಫರ್, ತನ್ನಷ್ಟೇ ಕೆಲಸ ಮಾಡುವ ಪುರುಷ ಸ್ಟೆನೋಗ್ರಾಫರ್‌ಗಳಿಗಿಂತ ತನಗೆ ಕಡಿಮೆ ಸಂಬಳವೇಕೆಂದು ಪ್ರಶ್ನಿಸಿದರು. 1987ರಲ್ಲಿ ಸುಪ್ರೀಮ್ ಕೋರ್ಟು ಅವರ ಪರವಾಗಿ ತೀರ್ಪಿತ್ತಿತು. 1976ರ ಆ ಕಾಯಿದೆಯನ್ನು 2019ರ ವೇತನ ಸಂಹಿತೆಯೊಳಗೆ ಸೇರಿಸಲಾಗಿದ್ದು, 2025ರ ನವೆಂಬರ್ 21ರಿಂದ ಆ ಸಂಹಿತೆ ಜಾರಿಗೆ ಬಂದಿದೆ. ಸಮಾನ ಅಥವಾ ಸಮಾನ ಸ್ವರೂಪದ ಕೆಲಸಕ್ಕೆ ವೇತನದಲ್ಲಾಗಲೀ ನೇಮಕಾತಿಯಲ್ಲಾಗಲೀ ಲಿಂಗ ತಾರತಮ್ಯ ಕೂಡದೆಂದು ಅದು ಹೇಳುತ್ತದೆ. ಆದರೆ ಪಕ್ಕದ ಮೇಜಿನವನ ಸಂಬಳ ಎಷ್ಟೆಂದೇ ತಿಳಿಯದ ಹೆಣ್ಣುಮಗಳು ತನಗೆ ಅನ್ಯಾಯವಾಗಿದೆ ಎಂದು ಯಾವ ಆಧಾರದಲ್ಲಿ ದೂರು ಕೊಡಬೇಕು?

ಇದೇ ವಿಷಯವನ್ನು ದಶಕಗಳ ಕಾಲ ಅಧ್ಯಯನ ಮಾಡಿದವರು ಅಮೆರಿಕದ ಕ್ಲಾಡಿಯಾ ಗೋಲ್ಡಿನ್. 2023ರ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಅವರಿಗೆ ಸಂದಿತು. ಲಾರೆನ್ಸ್ ಕಾಟ್ಜ್ ಅವರೊಂದಿಗೆ ಅವರು ನಡೆಸಿದ ಒಂದು ಅಧ್ಯಯನ ಔಷಧ ವಿತರಕರ, ಅಂದರೆ ಫಾರ್ಮಸಿಸ್ಟ್‌ಗಳ ಕುರಿತಾದುದು. 1970ರಲ್ಲಿ ಅಮೆರಿಕದಲ್ಲಿ ಪೂರ್ಣಾವಧಿ ದುಡಿಯುವ ಪುರುಷ ಫಾರ್ಮಸಿಸ್ಟ್ 100 ಡಾಲರ್ ಗಳಿಸಿದರೆ ಮಹಿಳೆ ಗಳಿಸುತ್ತಿದ್ದುದು ಸುಮಾರು 66. 2010ರ ಹೊತ್ತಿಗೆ ಅದು ಸುಮಾರು 92ಕ್ಕೆ ಏರಿತ್ತು. ಅಷ್ಟರಲ್ಲಿ ಆ ವೃತ್ತಿಯಲ್ಲಿ ಮಹಿಳೆಯರು ಅರ್ಧಕ್ಕಿಂತ ಹೆಚ್ಚಾಗಿದ್ದರು, ಸಂಬಳವೂ ಉತ್ತಮವಾಗಿಯೇ ಇತ್ತು. ಹೆಣ್ಣುಮಕ್ಕಳು ಹೆಚ್ಚಾದರೆ ವೃತ್ತಿಯ ಬೆಲೆ ಕುಸಿಯುತ್ತದೆ ಎಂಬ ನಂಬಿಕೆಯನ್ನು ಇದು ಸುಳ್ಳಾಗಿಸಿತು.

ಹೀಗಾದುದು ಹೇಗೆ? ಹಿಂದೆ ಔಷಧದಂಗಡಿ ಎಂದರೆ ಮಾಲಕನೇ ಹಗಲಿರುಳು ನಿಲ್ಲಬೇಕಾದ ಸ್ವಂತ ವ್ಯಾಪಾರ. ಮುಂದೆ ಆಸ್ಪತ್ರೆಗಳೂ ದೊಡ್ಡ ಮಳಿಗೆ ಸರಣಿಗಳೂ ಬಂದವು. ರೋಗಿಯ ದಾಖಲೆ ಗಣಕಯಂತ್ರಕ್ಕೆ ಸೇರಿತು. ಒಬ್ಬರ ಪಾಳಿ ಮುಗಿದಾಗ ಇನ್ನೊಬ್ಬರು ಬಂದು ಅದೇ ಕೆಲಸವನ್ನು ಅದೇ ಗುಣಮಟ್ಟದಲ್ಲಿ ಮುಂದುವರಿಸುವಂತಾಯಿತು. ಕಡಿಮೆ ಗಂಟೆ ದುಡಿದರೆ ಕಡಿಮೆ ಸಂಬಳ ಸಿಗುತ್ತದೆ ನಿಜ, ಆದರೆ ಗಂಟೆಯೊಂದರ ದರ ಕುಸಿಯುವುದಿಲ್ಲ. ಇದಕ್ಕೆ ತದ್ವಿರುದ್ಧವಾಗಿ ದೊಡ್ಡ ಕಾನೂನು ಸಂಸ್ಥೆಗಳು, ಹಣಕಾಸು ಕಂಪೆನಿಗಳು ರಾತ್ರಿ ಹತ್ತಕ್ಕೂ ಫೋನು ಎತ್ತುವವನಿಗೆ ದುಪ್ಪಟ್ಟು ಬಹುಮಾನ ಕೊಡುತ್ತವೆ. ಮಗುವಿಗೆ ಜ್ವರ ಬಂದಾಗ ಆ ಫೋನನ್ನು ಎತ್ತಲಾಗದವಳು ತಾಯಿ. ಅಂತರ ಹುಟ್ಟುವುದು ಅಲ್ಲಿ.

ಅಮೆರಿಕದ ಈ ಕಥೆಯನ್ನು ಮೈಸೂರಿಗೆ ಹಾಗೆಯೇ ಅಂಟಿಸಲಾಗದು. ಇಲ್ಲಿ ಜೆ.ಎಸ್.ಎಸ್. ಫಾರ್ಮಸಿ ಕಾಲೇಜು ಇದೆ, ನಮ್ಮವರೇ ಕಟ್ಟಿದ ಫಾರೂಕಿಯಾ ಫಾರ್ಮಸಿ ಕಾಲೇಜೂ ಇದೆ. ಆದರೆ ಓದಿ ಬಂದ ಹೆಣ್ಣುಮಗಳ ನೋಂದಣಿ ಪತ್ರವನ್ನು ಬಾಡಿಗೆಗೆ ಪಡೆದು ಅಂಗಡಿಯ ಗೋಡೆಗೆ ತೂಗುಹಾಕಿ, ಔಷಧ ಕೊಡುವ ಕೆಲಸವನ್ನು ಓದದ ಹುಡುಗನ ಕೈಗೆ ಬಿಡುವ ಕೆಟ್ಟ ಚಾಳಿಯೂ ನಮ್ಮ ದೇಶದಲ್ಲಿದೆ. 1948ರ ಫಾರ್ಮಸಿ ಕಾಯಿದೆಗೆ ಇದು ವಿರುದ್ಧ, ರೋಗಿಯ ಜೀವಕ್ಕೆ ಅಪಾಯ, ಆಕೆಯ ವಿದ್ಯೆಗೆ ಅವಮಾನ. ಕೆಲಸ ಮಾಡದೆ ಬರುವ ಈ ಬಾಡಿಗೆ ಹಲಾಲೋ ಎಂದು ನಮ್ಮ ಮನೆಗಳು ಕೇಳಿಕೊಳ್ಳಲಿ. ಅದೇ ಪದವಿಯೊಂದಿಗೆ ಸರಕಾರಿ ಆಸ್ಪತ್ರೆಯಲ್ಲಿ ಫಾರ್ಮಸಿ ಅಧಿಕಾರಿಯಾದರೆ, ಔಷಧ ಕಂಪೆನಿಯ ಗುಣಮಟ್ಟ ಪರೀಕ್ಷಾ ವಿಭಾಗಕ್ಕೆ ಸೇರಿದರೆ ಚಿತ್ರವೇ ಬೇರೆ.

ಆದ್ದರಿಂದ ವೃತ್ತಿಯ ಹೆಸರಿಗಿಂತ ಅದರ ರಚನೆ ಮುಖ್ಯ. ಅಂತರ ಕಡಿಮೆಯಿರುವ ಉದ್ಯೋಗಗಳಲ್ಲಿ ಸಾಮಾನ್ಯವಾಗಿ ನಾಲ್ಕು ಲಕ್ಷಣಗಳಿರುತ್ತವೆ. ವೇತನ ಶ್ರೇಣಿ ಬಹಿರಂಗವಾಗಿರುತ್ತದೆ. ಕೆಲಸದ ಗಂಟೆಗಳಿಗೆ ಮಿತಿಯಿರುತ್ತದೆ. ಒಬ್ಬರ ಕೆಲಸವನ್ನು ಇನ್ನೊಬ್ಬರು ವಹಿಸಿಕೊಳ್ಳುವ ವ್ಯವಸ್ಥೆಯಿರುತ್ತದೆ. ಹೆರಿಗೆ, ಮಕ್ಕಳ ಲಾಲನೆಗೆಂದು ಬಿಡುವು ಪಡೆದು ಮರಳಿದಾಗ ಅರ್ಹತೆ ಮತ್ತು ಹಿರಿತನ ನಷ್ಟವಾಗುವುದಿಲ್ಲ.

ಈ ನಾಲ್ಕೂ ಒಟ್ಟಾಗಿ ಕಾಣಸಿಗುವುದು ಸರಕಾರಿ ಸೇವೆಯಲ್ಲಿ. ಕರ್ನಾಟಕದ ಏಳನೇ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ರಾಜ್ಯ ಸರಕಾರಿ ನೌಕರರ ಕನಿಷ್ಠ ಮೂಲ ವೇತನ 17,000ದಿಂದ 27,000 ರೂಪಾಯಿಗೆ ಏರಿತು. ಆ ಪಟ್ಟಿಯಲ್ಲಿ ಗಂಡಿಗೊಂದು ಕಾಲಮ್, ಹೆಣ್ಣಿಗೊಂದು ಕಾಲಮ್ ಇಲ್ಲ. ಸರಕಾರಿ ಶಾಲೆಯ ಶಿಕ್ಷಕಿ, ಕೆ.ಆರ್. ಆಸ್ಪತ್ರೆ ಅಥವಾ ಚೆಲುವಾಂಬ ಆಸ್ಪತ್ರೆಯ ಖಾಯಂ ಶುಶ್ರೂಷಾಧಿಕಾರಿ, ಪದವಿ ಕಾಲೇಜಿನ ಖಾಯಂ ಸಹಾಯಕ ಪ್ರಾಧ್ಯಾಪಕಿ, ರಾಷ್ಟ್ರೀಕೃತ ಬ್ಯಾಂಕಿನ ಅಧಿಕಾರಿಣಿ, ಸಿವಿಲ್ ನ್ಯಾಯಾಧೀಶೆ ಇವರೆಲ್ಲರ ಸಂಬಳವನ್ನು ಯಾರೂ ಗುಟ್ಟಾಗಿ ನಿರ್ಧರಿಸುವುದಿಲ್ಲ. ಹೆರಿಗೆ ರಜೆಯಿಂದ ಮರಳಿದಾಗ ಕುರ್ಚಿ ಅಲ್ಲಿಯೇ ಇರುತ್ತದೆ.

ಮೈಸೂರಿನ ಮಕ್ಕಳು ಇದಕ್ಕಾಗಿ ಬೆಂಗಳೂರಿಗೋ ದಿಲ್ಲಿಗೋ ಹೋಗಬೇಕಾಗಿಲ್ಲ. ಪದವಿ ಮತ್ತು ಬಿ.ಎಡ್. ಎರಡನ್ನೂ ಒಟ್ಟಿಗೇ ನೀಡುವ ನಾಲ್ಕು ವರ್ಷಗಳ ಕೋರ್ಸಿಗೆ ಹೆಸರಾದ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇಲ್ಲಿಯೇ ಇದೆ. 1950ರಿಂದ ಚೆಲುವಾಂಬ ಮಹಲಿನಲ್ಲಿರುವ ಆಹಾರ ಸಂಶೋಧನಾಲಯ ಸಿ.ಎಫ್.ಟಿ.ಆರ್.ಐ. ನಮ್ಮ ಕಣ್ಣೆದುರೇ ಇದೆ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ವಿಷಯವಂತೂ ವಿಶೇಷ. ಮಾತು ಬಾರದ ಮಗುವಿಗೆ ಮಾತು ಕಲಿಸುವ, ಕಿವಿ ಕೇಳದವರಿಗೆ ಶ್ರವಣ ಸಾಧನ ಹೊಂದಿಸುವ ತಜ್ಞರನ್ನು ತಯಾರಿಸುವ ಸಂಸ್ಥೆಯದು. ಪಿಯುಸಿ ವಿಜ್ಞಾನದ ಬಳಿಕ ಪ್ರವೇಶ ಪರೀಕ್ಷೆ ಬರೆದು ಸೇರಬಹುದು. ದೇಶದೆಲ್ಲೆಡೆಯಿಂದ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಾರೆ. ನಮ್ಮ ಮೊಹಲ್ಲಾದಿಂದ ನಾಲ್ಕೈದು ಕಿಲೋಮೀಟರು ದೂರದಲ್ಲಿರುವ ಬಾಗಿಲನ್ನು ನಮ್ಮ ಹುಡುಗಿಯರಲ್ಲಿ ಎಷ್ಟು ಮಂದಿ ತಟ್ಟಿದ್ದಾರೆ? 2023ರ ಜೂನ್‌ನಿಂದ ರಾಜ್ಯದ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟಿನ ಖರ್ಚೂ ಇಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಸತ್ಯವನ್ನೂ ಹೇಳಬೇಕು. ಸರಕಾರವೇ ಈ ಬಾಗಿಲನ್ನು ಮೆಲ್ಲಗೆ ಮುಚ್ಚುತ್ತಿದೆ. ಖಾಯಂ ಹುದ್ದೆಯ ಜಾಗದಲ್ಲಿ ಗುತ್ತಿಗೆ ನರ್ಸ್, ಅತಿಥಿ ಶಿಕ್ಷಕಿ, ಅತಿಥಿ ಉಪನ್ಯಾಸಕಿ ಬಂದಿದ್ದಾರೆ. ಒಂದೇ ತರಗತಿ, ಒಂದೇ ಪಾಠ, ಆದರೆ ಸಂಬಳದಲ್ಲಿ ಅಜಗಜಾಂತರ. ತಾತ್ಕಾಲಿಕ ನೌಕರರಿಗೂ ಸಮಾನ ಕೆಲಸಕ್ಕೆ ಸಮಾನ ವೇತನದ ಹಕ್ಕಿದೆ ಎಂದು ಸುಪ್ರೀಮ್ ಕೋರ್ಟು 2016ರ ಅಕ್ಟೋಬರ್‌ನಲ್ಲಿ ಜಗಜಿತ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಅದೇ ವರ್ಷ ಆ ನ್ಯಾಯಾಲಯದ ಸೂಚನೆಯಂತೆ ರಚಿತವಾದ ಸಮಿತಿಯು, 200ಕ್ಕಿಂತ ಹೆಚ್ಚು ಹಾಸಿಗೆಗಳ ಖಾಸಗಿ ಆಸ್ಪತ್ರೆಗಳು ಸರಕಾರಿ ನರ್ಸ್‌ಗಳಿಗೆ ಸಮಾನವಾದ ವೇತನ ನೀಡಬೇಕು, 50ಕ್ಕಿಂತ ಕಡಿಮೆ ಹಾಸಿಗೆಯಿರುವಲ್ಲಿಯೂ 20,000ಕ್ಕಿಂತ ಕಡಿಮೆ ಇರಬಾರದು ಎಂದು ಶಿಫಾರಸು ಮಾಡಿತು. ಶಿಫಾರಸು ಕಡತದಲ್ಲಿ ಉಳಿಯಿತು. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ನೀಡುವ ಗೃಹಲಕ್ಷ್ಮಿ ಯೋಜನೆಗೆ 2023ರ ಆಗಸ್ಟ್ 30ರಂದು ಇದೇ ಮೈಸೂರಿನಲ್ಲಿ ಚಾಲನೆ ನೀಡಲಾಯಿತು. ಅದು ಸ್ವಾಗತಾರ್ಹ. ಆದರೆ ಓದಿದ ಮಗಳಿಗೆ ಖಾಯಂ ಹುದ್ದೆ ಸಿಗುವುದು ಅದಕ್ಕಿಂತ ದೊಡ್ಡ ಗ್ಯಾರಂಟಿ ಎಂಬುದನ್ನು ಆಳುವವರಿಗೆ ನಾವು ನೆನಪಿಸಬೇಕಾಗಿದೆ.

ನಮ್ಮ ಪಾಲಿಗೆ ಇದು ಇನ್ನಷ್ಟು ಗಂಭೀರ. ಜನಸಂಖ್ಯೆಯ ಶೇ. 13.4ರಷ್ಟಿದ್ದ ಮುಸ್ಲಿಮರು ಐ.ಎ.ಎಸ್.ನಲ್ಲಿ ಕೇವಲ ಶೇ. 3ರಷ್ಟಿದ್ದಾರೆ ಎಂದು 2006ರಲ್ಲಿ ಸಾಚಾರ್ ಸಮಿತಿ ಹೇಳಿತು. ಮುಸ್ಲಿಮ್ ಮಹಿಳೆಯರ ದುಡಿಮೆ ಬಹುಮಟ್ಟಿಗೆ ಮನೆಯೊಳಗಿನ ಕೂಲಿ ಕೆಲಸಗಳಲ್ಲಿದೆ ಎಂಬುದನ್ನೂ ಅದು ಗುರುತಿಸಿತು. ಅಂದರೆ ಸಮಾನ ವೇತನದ ಪಟ್ಟಿ ಎಲ್ಲಿದೆಯೋ ಅಲ್ಲಿ ನಾವಿಲ್ಲ, ನಾವಿರುವಲ್ಲಿ ಪಟ್ಟಿಯೇ ಇಲ್ಲ. ಇದನ್ನು ಸರಿಪಡಿಸಬೇಕಾದ ಹೊತ್ತಿನಲ್ಲಿ, 2022ರಲ್ಲಿ ಕೇಂದ್ರ ಸರಕಾರವು ಒಂದರಿಂದ ಎಂಟನೇ ತರಗತಿಯ ಅಲ್ಪಸಂಖ್ಯಾತ ವಿದ್ಯಾರ್ಥಿವೇತನವನ್ನೂ ಸಂಶೋಧನೆಗಿದ್ದ ಮೌಲಾನಾ ಆಝಾದ್ ಫೆಲೋಶಿಪನ್ನೂ ನಿಲ್ಲಿಸಿತು. ಅದೇ ವರ್ಷ ನಮ್ಮ ರಾಜ್ಯದಲ್ಲಿ ಹಿಜಾಬಿನ ಹೆಸರಲ್ಲಿ ಹೆಣ್ಣುಮಕ್ಕಳನ್ನು ಕಾಲೇಜಿನ ಗೇಟಿನಲ್ಲಿ ತಡೆಯಲಾಯಿತು. ತರಗತಿಯಿಂದ ಹೊರಗುಳಿದ ಹುಡುಗಿ ಕಳೆದುಕೊಂಡದ್ದು ಒಂದು ವರ್ಷದ ಪಾಠವನ್ನಷ್ಟೇ ಅಲ್ಲ, ಮೂವತ್ತು ವರ್ಷಗಳ ಸಂಬಳವನ್ನು ಎಂದು ಲೆಕ್ಕ ಹಾಕಿ ನೋಡಿರಿ.

ಆದರೆ ಸರಕಾರವನ್ನು ದೂರಿ ಎದ್ದು ಹೋಗುವುದು ಸುಲಭ. ಸಹೋದರರೇ, ಇನ್ನು ನಮ್ಮ ಅಂಗಳಕ್ಕೆ ಬರೋಣ. ಸಮುದಾಯದ ಆಡಳಿತದಲ್ಲಿರುವ ಶಾಲೆಗಳಲ್ಲಿ, ನರ್ಸಿಂಗ್ ಹೋಮ್‌ಗಳಲ್ಲಿ, ಅಂಗಡಿಗಳಲ್ಲಿ ಹೆಣ್ಣುಮಕ್ಕಳಿಗೆ ಕೊಡುವ ಸಂಬಳವೆಷ್ಟು? "ಆಕೆಗೆ ಗಂಡನ ದುಡಿಮೆಯಿದೆ, ಈ ಸಂಬಳ ಆಕೆಗೆ ಕೈಖರ್ಚಿಗೆ ಸಾಕು" ಎಂಬ ಮಾತನ್ನು ಆಡಳಿತ ಮಂಡಳಿಗಳ ಸಭೆಗಳಲ್ಲಿ ಕೇಳುತ್ತೇವೆ. ಕೆಲವರು ಇದಕ್ಕೆ ಧರ್ಮದ ಬಣ್ಣವನ್ನೂ ಹಚ್ಚುತ್ತಾರೆ. ಮನೆಯ ಖರ್ಚಿನ ಹೊಣೆ ಗಂಡಸಿನದಾದುದರಿಂದ ಗಂಡಸಿಗೆ ಹೆಚ್ಚು ಸಂಬಳ ಕೊಡುವುದೇ ಇಸ್ಲಾಮೀ ನ್ಯಾಯ ಎನ್ನುತ್ತಾರೆ.

ಮದ್ರಸದಲ್ಲಿ ಫಿಕ್‌ಹ್ ಓದಿದವನಾಗಿ ಇದಕ್ಕೆ ಉತ್ತರಿಸುವುದು ನನ್ನ ಹೊಣೆ. ನಫ್ಕಾ, ಅಂದರೆ ಪತ್ನಿಯ ಜೀವನಾಂಶ, ಪತಿಯ ಮೇಲಿರುವ ಬಾಧ್ಯತೆ. ಅದು ಮಾಲಕನಿಗೆ ಸಿಗುವ ರಿಯಾಯಿತಿಯಲ್ಲ. ಪತಿ ಪಾಲಿಸಬೇಕಾದ ಕರ್ತವ್ಯದ ಹೆಸರಿನಲ್ಲಿ ಮೂರನೆಯವನೊಬ್ಬ ಆಕೆಯ ಕೂಲಿಯಿಂದ ಕಡಿತ ಮಾಡಿಕೊಳ್ಳಲು ಯಾವ ಇಮಾಮರೂ ಅನುಮತಿ ಕೊಟ್ಟಿಲ್ಲ. ಕೂಲಿಯ ಕರಾರನ್ನು ನಮ್ಮ ಗ್ರಂಥಗಳು ಇಜಾರಾ ಎಂದು ಕರೆಯುತ್ತವೆ. ಹನಫಿ ಮದ್ರಸಗಳಲ್ಲಿ ಇಂದಿಗೂ ಪಾಠವಾಗುವ ಹಿದಾಯಾದಲ್ಲಿ ಅದಕ್ಕೊಂದು ಪ್ರತ್ಯೇಕ ಅಧ್ಯಾಯವೇ ಇದೆ. ಆ ಕರಾರಿನ ಮೂಲ ಶರತ್ತೆಂದರೆ ಕೆಲಸವೂ ಸ್ಪಷ್ಟವಾಗಿ ತಿಳಿದಿರಬೇಕು, ಕೂಲಿಯೂ ಸ್ಪಷ್ಟವಾಗಿ ತಿಳಿದಿರಬೇಕು. ಕೂಲಿ ಕೆಲಸದ ಪ್ರತಿಫಲವೇ ಹೊರತು ಕೆಲಸಗಾರನ ಮನೆಯ ಸ್ಥಿತಿಗತಿಯ ಪ್ರತಿಫಲವಲ್ಲ. ಅವಿವಾಹಿತ ಶಿಕ್ಷಕನಿಗೆ ನಾವು ಅರ್ಧ ಸಂಬಳ ಕೊಡುತ್ತೇವೆಯೇ? ವಿಧವೆಯಾದ ಶಿಕ್ಷಕಿಗೆ, ತಲಾಕ್ ಆಗಿ ಮಕ್ಕಳನ್ನು ಸಾಕುವವಳಿಗೆ ಇಮ್ಮಡಿ ಕೊಡುತ್ತೇವೆಯೇ? ಇಲ್ಲವೆಂದಾದರೆ ಆ ವಾದ ಧರ್ಮದ್ದಲ್ಲ, ಜೇಬಿನದು.

ಪುರುಷರಿಗೆ ಅವರ ಗಳಿಕೆಯ ಪಾಲು, ಸ್ತ್ರೀಯರಿಗೆ ಅವರ ಗಳಿಕೆಯ ಪಾಲು ಎಂಬ ತತ್ವವನ್ನು ಅನ್ನಿಸಾ ಅಧ್ಯಾಯದ 32ನೇ ಸೂಕ್ತವು ಸಾರಿದೆ. ಹ. ಖದೀಜಾ(ರ) ಮಕ್ಕಾದ ಗಣ್ಯ ವರ್ತಕಿಯಾಗಿದ್ದರು. ಹ. ರುಫೈದಾ(ರ) ಮದೀನಾದ ಮಸೀದಿಯ ಬಳಿ ಗುಡಾರ ಹಾಕಿ ಗಾಯಾಳುಗಳ ಶುಶ್ರೂಷೆ ಮಾಡಿದರು. ಅಬ್ದುಲ್ಲಾ ಬಿನ್ ಮಸ್‌ಊದ್‌ರ(ರ) ಪತ್ನಿ ಹ. ಝೈನಬ್(ರ), ತಾವು ಪತಿಗಾಗಿ ಖರ್ಚು ಮಾಡಿದರೆ ಅದು ದಾನವಾಗುವುದೇ ಎಂದು ವಿಚಾರಿಸಿದಾಗ, ಇಮ್ಮಡಿ ಪುಣ್ಯವಿದೆ ಎಂದು ಪ್ರವಾದಿ(ಸ) ತಿಳಿಸಿದರು. ಪತ್ನಿಯ ಹಣ ಪತಿಯದ್ದೇ ಆಗಿದ್ದರೆ ಅದು ದಾನವಾಗುವುದಾದರೂ ಹೇಗೆ? ಕೆಲಸಗಾರನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿ(ಸ) ಆದೇಶವನ್ನು ವೇದಿಕೆಯಲ್ಲಿ ಹೇಳುವ ನಾವು, ಕೂಲಿ ಪಡೆಯುವವಳು ಹೆಣ್ಣಾದಾಗ ಆದೇಶವನ್ನು ಮರೆಯುವುದು ಸರಿಯೇ?

ಆದ್ದರಿಂದ ಸಮುದಾಯದ ಪ್ರತಿಯೊಂದು ಸಂಸ್ಥೆಯೂ ತನ್ನ ವೇತನ ಶ್ರೇಣಿಯನ್ನು ಬರೆದು ಪ್ರಕಟಿಸಲಿ ಎಂಬುದು ನನ್ನ ಮೊದಲ ವಿನಂತಿ. ಇದಕ್ಕೆ ಸರಕಾರದ ಅನುಮತಿ ಬೇಕಿಲ್ಲ, ಅನುದಾನವೂ ಬೇಕಿಲ್ಲ.

ಎರಡನೆಯದು ಪೋಷಕರಿಗೆ. ಮಗಳಿಗೆ ಕೋರ್ಸು ಆರಿಸುವಾಗ "ಹೆಣ್ಣುಮಕ್ಕಳಿಗೆ ಇದು ಸಾಕು" ಎಂಬ ಅಳತೆಗೋಲನ್ನು ಬದಿಗಿಡಿರಿ. ಈ ಪದವಿಗೆ ಬಹಿರಂಗ ವೇತನ ಶ್ರೇಣಿಯಿರುವ ಹುದ್ದೆಗಳಿವೆಯೇ? ಕಾನೂನುಬದ್ಧ ನೋಂದಣಿಯಿದೆಯೇ? ಐದು ವರ್ಷ ಬಿಡುವು ಪಡೆದು ಮರಳಿದರೆ ಬೆಲೆ ಉಳಿಯುತ್ತದೆಯೇ? ಊರು ಬದಲಾದರೂ ಕೆಲಸ ಸಿಗುತ್ತದೆಯೇ? ಈ ಪ್ರಶ್ನೆಗಳನ್ನು ಕೇಳಿರಿ. ಹುಡುಗಿಗೆ ಮದುವೆಯಾದ ಮೇಲೆ ಯಾವ ಊರೋ ತಿಳಿಯದು ಎನ್ನುವವರು ನಾವೇ ತಾನೇ? ಹಾಗಾದರೆ ಯಾವ ಊರಿನಲ್ಲೂ ಬೆಲೆಯುಳ್ಳ ವಿದ್ಯೆಯನ್ನು ಕೊಡುವುದೇ ಜಾಣತನ.

ಮೂರನೆಯದು ಗಂಡಂದಿರಿಗೆ. ಆಫೀಸಿನಲ್ಲಿ ಸಮಾನ ವೇತನ ಸಿಕ್ಕಿದರೂ ಮನೆಯ ಎಲ್ಲ ಕೆಲಸ ಆಕೆಯದೇ ಆದರೆ ಆಕೆ ಬಡ್ತಿಯನ್ನು ನಿರಾಕರಿಸುತ್ತಾಳೆ, ವರ್ಗಾವಣೆಗೆ ಅಂಜಿ ಪರೀಕ್ಷೆಯನ್ನೇ ಬರೆಯುವುದಿಲ್ಲ. ಪ್ರವಾದಿ(ಸ) ಮನೆಯಲ್ಲಿದ್ದಾಗ ಮನೆಯವರ ಕೆಲಸಗಳಲ್ಲಿ ನೆರವಾಗುತ್ತಿದ್ದರು ಎಂದು ಹ. ಆಇಶಾ(ರ) ವರದಿ ಮಾಡಿದ್ದಾರೆ. ಗಡ್ಡ, ಟೋಪಿಗಳಲ್ಲಿ ಸುನ್ನತನ್ನು ಹುಡುಕುವ ನಾವು ಅಡುಗೆಮನೆಯಲ್ಲಿಯೂ ಅದನ್ನು ಹುಡುಕಬೇಕು.

ಕೊನೆಯದಾಗಿ ಸಹೋದರಿಯರಿಗೆ. 1974ರಲ್ಲಿ ಟೆಲ್ಕೋ ಕಂಪೆನಿಯು ಮಹಿಳೆಯರು ಅರ್ಜಿ ಹಾಕಬೇಕಾಗಿಲ್ಲ ಎಂದು ಜಾಹೀರಾತು ನೀಡಿದಾಗ, ಬೆಂಗಳೂರಿನಲ್ಲಿ ಓದುತ್ತಿದ್ದ ಸುಧಾ ಕುಲಕರ್ಣಿ ಎಂಬ ಯುವತಿ ಜೆ.ಆರ್.ಡಿ. ಟಾಟಾ ಅವರಿಗೆ ಒಂದು ಅಂಚೆ ಕಾರ್ಡು ಬರೆದರು. ಸಂದರ್ಶನದ ಕರೆ ಬಂತು, ಕೆಲಸವೂ ಸಿಕ್ಕಿತು. ಇಂದು ಅವರನ್ನು ನಾವು ಸುಧಾ ಮೂರ್ತಿ ಎಂದು ಬಲ್ಲೆವು. ಅನ್ಯಾಯವನ್ನು ಕಂಡು ಸುಮ್ಮನಾಗದೆ ಶಿಷ್ಟವಾಗಿ, ಸ್ಪಷ್ಟವಾಗಿ, ಲಿಖಿತವಾಗಿ ಪ್ರಶ್ನಿಸುವುದನ್ನು ಕಲಿಯಿರಿ. ನೇಮಕಾತಿಯ ಸಂದರ್ಭದಲ್ಲಿ ಸಂಬಳ ಎಷ್ಟೆಂದು ಕೇಳುವುದು ನಿರ್ಲಜ್ಜತನವಲ್ಲ, ಅದು ಶರೀಅತ್ ಒಪ್ಪಿದ ಕರಾರಿನ ಶರತ್ತು.

ಬೀಡಿ ಕಟ್ಟಿ ಮಗಳನ್ನು ಪಿಯುಸಿವರೆಗೆ ತಂದ ತಾಯಂದಿರು ಈ ಸಭೆಯಲ್ಲಿದ್ದಾರೆ. ಆ ತಾಯಂದಿರ ಸಾವಿರದ ಲೆಕ್ಕ ಅವರೊಂದಿಗೇ ಮುಗಿಯಲಿ. ಮಕ್ಕಳ ದುಡಿಮೆಯು ಬರೆದಿಟ್ಟ ವೇತನ ಪಟ್ಟಿಯ ಪ್ರಕಾರ, ಪಕ್ಕದವನಿಗೆ ಸರಿಸಮಾನವಾಗಿ ಲೆಕ್ಕವಾಗಲಿ. ಅದಕ್ಕಾಗಿ ಶ್ರಮಿಸುವ ಶಕ್ತಿಯನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.